ಅಂಗಿಗೂ ಒಂದು ಪರೀಕ್ಷೆ

ಬೆಂಗಳೂರಿನಿಂದ ತುಮಕೂರಿಗೆ ಹೋಗುವ ಹೆದ್ದಾರಿಯಲ್ಲಿ ಪೀಣ್ಯ, ದಾಸರಹಳ್ಳಿಗಳನ್ನು ದಾಟಿ ನೆಲಮಂಗಲದ ಕಡೆಗೆ ಸಾಗಿದರೆ ಮಾಕಳಿ ಎಂಬ ಊರು ಸಿಗುತ್ತದೆ. ಮಳೆಗಾಲದ ಒಂದು ಮುಂಜಾನೆ ಅಲ್ಲಿಯ ಬಸ್ ನಿಲ್ದಾಣದಲ್ಲಿ ನಿಂತು ನೋಡಿದರೆ, ಮಳೆಯನ್ನು ಎದುರಿಸಲು ಮನುಷ್ಯ ಹೂಡಿರುವ ಉಪಾಯಗಳೆಲ್ಲ ಒಮ್ಮೆಗೇ ಕಣ್ಣಿಗೆ ಬೀಳುತ್ತವೆ. ಕಾರ್ಖಾನೆಗೆ ಹೊರಟ ಹೆಣ್ಣುಮಕ್ಕಳು ಕೊಡೆ ಹಿಡಿದಿದ್ದಾರೆ. ಕೊಡೆಯಿಲ್ಲದವರು ಪ್ಲಾಸ್ಟಿಕ್ ಹಾಳೆಯನ್ನು ತಲೆಯ ಮೇಲೆ ಮಡಿಸಿಕೊಂಡಿದ್ದಾರೆ. ರಸ್ತೆಯಾಚೆಯ ಬಯಲಿನಲ್ಲಿ ಕುರಿ ಕಾಯುವವನೊಬ್ಬ ಕಂಬಳಿ ಹೊದ್ದು ನಿಂತಿದ್ದಾನೆ. ದೂರದಿಂದ ಮೋಟಾರ್ ಸೈಕಲಿನಲ್ಲಿ ಬಂದ ಯುವಕನೊಬ್ಬ ಮರದಡಿಯಲ್ಲಿ ಇಳಿದು ತನ್ನ ರೇನ್‌ಕೋಟನ್ನು ಕಳಚುತ್ತಾನೆ. ಕೋಟಿನಲ್ಲಿ ಒಂದು ತೂತೂ ಇಲ್ಲ. ಆದರೂ ಒಳಗಿನ ಅಂಗಿ ಬೆನ್ನಿಗೆ ಅಂಟಿಕೊಳ್ಳುವಷ್ಟು ನೆನೆದಿದೆ! ಮಳೆ ಒಳಗೆ ಬರಲಿಲ್ಲವೆಂದಮೇಲೆ ಅಂಗಿ ನೆನೆದದ್ದು ಹೇಗೆ?

ಅದು ಮಳೆಯ ನೀರಲ್ಲ, ಬೆವರು. ಹೊರಗಿನ ನೀರನ್ನು ತಡೆದ ಕೋಟು ಒಳಗಿನ ನೀರನ್ನೂ ಹೊರಹೋಗಲು ಬಿಡಲಿಲ್ಲ. ಹೊರಗಿನ ನೀರು ಒಳಗೆ ಬರಬಾರದು, ಒಳಗಿನ ಬೆವರು ಹೊರಗೆ ಹೋಗಬೇಕು: ಮಳೆ, ಗಾಳಿ, ಚಳಿಗಳನ್ನು ತಡೆಯುವ ಉಡುಪಿನ ಸಮಸ್ಯೆಯೆಲ್ಲ ಈ ಒಂದು ಮಾತಿನಲ್ಲಿ ಅಡಗಿದೆ. ಬಾಗಿಲನ್ನು ಮುಚ್ಚಿಯೂ ಇರಬೇಕು, ತೆರೆದೂ ಇರಬೇಕು ಎಂದಂತೆ ಇದು. ಈ ಒಗಟನ್ನು ಬಿಡಿಸಲು ಮನುಷ್ಯ ಸಾವಿರಾರು ವರ್ಷ ಪ್ರಯತ್ನಿಸಿದ್ದಾನೆ. ಪ್ರತಿಯೊಂದು ಉತ್ತರವೂ ಸರಿಯೋ ತಪ್ಪೋ ಎಂಬುದನ್ನು ತಿಳಿಯಲು ಅದನ್ನು ತೊಟ್ಟು ಮಳೆಗೆ, ಹಿಮಕ್ಕೆ, ಬಿರುಗಾಳಿಗೆ ಮೈಯೊಡ್ಡಿದ್ದಾನೆ.

ನಮ್ಮ ನಾಡಿನ ಹಳೆಯ ಉತ್ತರಗಳು ಎರಡು. ಬಯಲುಸೀಮೆಯದು ಕಂಬಳಿ, ಮಲೆನಾಡಿನದು ಗೊರಬು. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಕಂಬಳಿ ಹೆಸರಾದುದು. ದಖ್ಖನಿ ಕುರಿಯ ಒರಟು ಉಣ್ಣೆಯನ್ನು ನೂತು, ನೂಲಿಗೆ ಹುಣಿಸೆ ಬೀಜದ ಗಂಜಿಯನ್ನು ಹಾಕಿ, ಮಗ್ಗದ ಮೇಲೆ ಅದನ್ನು ಒತ್ತಾಗಿ ನೇಯುತ್ತಾರೆ. ಉಣ್ಣೆಯ ಎಳೆಗೆ ಸ್ವಭಾವತಃ ಒಂದು ಬಗೆಯ ಜಿಡ್ಡಿನ ಲೇಪವಿರುವುದರಿಂದ ಮಳೆಯ ಹನಿ ಕೂಡಲೇ ಇಂಗದೆ ಜಾರಿಹೋಗುತ್ತದೆ. ಅಷ್ಟೇ ಅಲ್ಲ, ತನ್ನ ತೂಕದ ಮೂರನೆಯ ಒಂದು ಪಾಲಿನಷ್ಟು ತೇವವನ್ನು ಹೀರಿಕೊಂಡರೂ ಉಣ್ಣೆ ಮೈಗೆ ಒದ್ದೆಯೆನಿಸುವುದಿಲ್ಲ. ತೇವವನ್ನು ಹೀರುವಾಗ ಅದು ಸ್ವಲ್ಪ ಶಾಖವನ್ನೂ ಹೊರಸೂಸುತ್ತದೆ. ಆದರೆ ಎಡೆಬಿಡದೆ ಸುರಿಯುವ ಮಳೆಯಲ್ಲಿ ಕಂಬಳಿ ನೀರು ಕುಡಿದು ಹೊರಲಾರದಷ್ಟು ಭಾರವಾಗುತ್ತದೆ.

ಆದುದರಿಂದಲೇ ಮಲೆನಾಡಿನ ರೈತರು ಬೇರೊಂದು ದಾರಿಯನ್ನು ಕಂಡುಕೊಂಡರು. ಬಿದಿರಿನ ಸೀಳುಗಳ ಹೆಣಿಗೆಯ ನಡುವೆ ಎಲೆಗಳನ್ನು ಒತ್ತಾಗಿ ಜೋಡಿಸಿ, ತಲೆಯಿಂದ ಸೊಂಟದವರೆಗೆ ಬೆನ್ನನ್ನು ಮುಚ್ಚುವ ಗೊರಬನ್ನು ಮಾಡಿದರು. ಬಾಗಿ ನಾಟಿ ಮಾಡುವಾಗ ಮಳೆ ಬೆನ್ನಿನ ಮೇಲೆ ಬೀಳುತ್ತದೆ, ಕೈಗಳಿಗೆ ಬಿಡುವಿರಬೇಕಾಗುತ್ತದೆ. ಗೊರಬು ಎರಡನ್ನೂ ಸಾಧಿಸುತ್ತದೆ. ಮುಂಭಾಗ ತೆರೆದಿರುವುದರಿಂದ ಗಾಳಿ ಆಡಿ ಬೆವರು ಆರುತ್ತದೆ. ಇವುಗಳನ್ನು ಯಾವ ಪ್ರಯೋಗಶಾಲೆಯೂ ಪರೀಕ್ಷಿಸಲಿಲ್ಲ. ಆಷಾಢ, ಶ್ರಾವಣಗಳ ಮಳೆಯೇ ಪ್ರಯೋಗಶಾಲೆ. ಗದ್ದೆಯಲ್ಲಿ ದಿನವಿಡೀ ದುಡಿದ ಮೈಯೇ ಪರೀಕ್ಷಕ.

ಯೂರೋಪಿನಲ್ಲಿ ನಾವಿಕರು ಬಟ್ಟೆಗೆ ಅಗಸೆ ಎಣ್ಣೆಯನ್ನು ಸವರಿ ತೊಡುತ್ತಿದ್ದರು. 1823ರಲ್ಲಿ ಸ್ಕಾಟ್ಲೆಂಡಿನ ಚಾರ್ಲ್ಸ್ ಮ್ಯಾಕಿಂಟಾಷ್ ಎಂಬಾತನು ಹೊಸ ಉಪಾಯವೊಂದಕ್ಕೆ ಹಕ್ಕುಪತ್ರವನ್ನು ಪಡೆದನು. ಕಲ್ಲಿದ್ದಲಿನ ಡಾಂಬರಿನಿಂದ ದೊರೆಯುವ ನ್ಯಾಫ್ತಾ ಎಂಬ ದ್ರವದಲ್ಲಿ ರಬ್ಬರನ್ನು ಕರಗಿಸಿ, ಅದನ್ನು ಎರಡು ಬಟ್ಟೆಗಳ ನಡುವೆ ಸವರಿ ಅಂಟಿಸುವುದೇ ಆ ಉಪಾಯ. ನೀರು ನಿಂತಿತು. ಆದರೆ ಬಳಸಿದಮೇಲೆ ದೋಷಗಳು ಹೊರಬಿದ್ದವು. ಬಿಸಿಲಿನಲ್ಲಿ ಆ ಕೋಟು ಮೆತ್ತಗಾಗಿ ಅಂಟುತ್ತಿತ್ತು, ಚಳಿಯಲ್ಲಿ ಹಲಗೆಯಂತೆ ಸೆಡೆಯುತ್ತಿತ್ತು, ವಾಸನೆಯನ್ನಂತೂ ಹೇಳತೀರದು. ಮುಂದೆ 1840ರ ದಶಕದಲ್ಲಿ ರಬ್ಬರನ್ನು ಗಂಧಕದೊಡನೆ ಕಾಯಿಸಿ ಹದಗೊಳಿಸುವ ವಿಧಾನ ಬಳಕೆಗೆ ಬಂದು ಈ ದೋಷಗಳು ತಗ್ಗಿದವು. ಬೆವರಿನ ಸಮಸ್ಯೆ ಮಾತ್ರ ಹಾಗೆಯೇ ಉಳಿಯಿತು. 1879ರಲ್ಲಿ ಇಂಗ್ಲೆಂಡಿನ ಥಾಮಸ್ ಬರ್ಬೆರಿಯು ನೇಯುವುದಕ್ಕೆ ಮೊದಲೇ ನೂಲಿಗೆ ನೀರು ತಡೆಯುವ ಸಂಸ್ಕಾರ ಕೊಟ್ಟು, ಅದನ್ನು ಬಲು ಒತ್ತಾಗಿ ನೇಯ್ದು ಗ್ಯಾಬರ್ಡೀನ್ ಎಂಬ ಬಟ್ಟೆಯನ್ನು ತಯಾರಿಸಿದನು. ಅದು ಗಾಳಿಯನ್ನು ತಡೆಯುತ್ತಿತ್ತು, ಉಸಿರುಗಟ್ಟಿಸುತ್ತಿರಲಿಲ್ಲ. ಧ್ರುವಪ್ರದೇಶದ ಅನ್ವೇಷಕರು ಅದನ್ನು ಮೆಚ್ಚಿ ತೊಟ್ಟರು.

ಬೆವರು ಅಷ್ಟು ದೊಡ್ಡ ಶತ್ರುವೇ ಎಂದು ಸಂದೇಹ ಬರಬಹುದು. 1911ರ ಒಂದು ಯಾತ್ರೆಯ ಕಥೆಯನ್ನು ಕೇಳಿದರೆ ಆ ಸಂದೇಹ ಉಳಿಯುವುದಿಲ್ಲ. ಕ್ಯಾಪ್ಟನ್ ಸ್ಕಾಟನ ತಂಡಕ್ಕೆ ಸೇರಿದ ವಿಲ್ಸನ್, ಬೌವರ್ಸ್, ಚೆರಿ-ಗೆರಾರ್ಡ್ ಎಂಬ ಮೂವರು ಎಂಪರರ್ ಪೆಂಗ್ವಿನ್ ಹಕ್ಕಿಯ ಮೊಟ್ಟೆಗಳನ್ನು ತರಲು ದಕ್ಷಿಣ ಧ್ರುವಖಂಡದ ನಡುಚಳಿಗಾಲದ ಕತ್ತಲೆಯಲ್ಲಿ ಹೊರಟರು. ಜೂನ್ ಕೊನೆಯಿಂದ ಆಗಸ್ಟ್ ಮೊದಲ ದಿನದವರೆಗೆ ಅವರ ಯಾತ್ರೆ ನಡೆಯಿತು. ಶಾಖಮಾನ ಸೊನ್ನೆಗಿಂತ 60 ಡಿಗ್ರಿ ಸೆಲ್ಸಿಯಸ್ ಕೆಳಕ್ಕೂ ಇಳಿಯಿತು. ಜಾರುಬಂಡಿಯನ್ನು ಎಳೆಯುವ ಶ್ರಮಕ್ಕೆ ಬಂದ ಬೆವರು ಹೊರಗೆ ಹೋಗದೆ ಬಟ್ಟೆಯಲ್ಲಿಯೇ ಹೆಪ್ಪುಗಟ್ಟಿತು. ಒಂದು ಬೆಳಗ್ಗೆ ಚೆರಿ-ಗೆರಾರ್ಡನು ಡೇರೆಯಿಂದ ಹೊರಬಂದು ತಲೆಯೆತ್ತಿ ಸುತ್ತ ನೋಡಿದನು. ಅಷ್ಟರಲ್ಲಿ ಅವನ ಉಡುಪು ಕಲ್ಲಾಯಿತು. ಕತ್ತನ್ನು ಇಳಿಸಲಾಗದೆ ನಾಲ್ಕು ಗಂಟೆಯ ಕಾಲ ಅವನು ತಲೆಯೆತ್ತಿಕೊಂಡೇ ಬಂಡಿಯನ್ನು ಎಳೆಯಬೇಕಾಯಿತು. ಹೊರಡುವಾಗ 18 ಪೌಂಡು ತೂಗುತ್ತಿದ್ದ ಅವನ ಮಲಗುವ ಚೀಲ ಹಿಂತಿರುಗಿದಾಗ 45 ಪೌಂಡು ತೂಗಿತು. ಹೆಚ್ಚಿದ ತೂಕವೆಲ್ಲ ಮೈಯಿಂದ, ಉಸಿರಿನಿಂದ ಹೊರಟ ತೇವ ಹೆಪ್ಪುಗಟ್ಟಿದ ಮಂಜು. ಹೊರಗಿನಿಂದ ಒಂದು ಹನಿ ಮಳೆಯೂ ಬೀಳದ ನಾಡಿನಲ್ಲಿ ಅವರು ತಮ್ಮ ಬೆವರಿನಿಂದಲೇ ಸಾವಿನ ಅಂಚಿಗೆ ಹೋಗಿದ್ದರು.

ಇಂತಹ ಅನುಭವಗಳಿಂದ ಕಲಿತವರು ಯಾತ್ರೆಯನ್ನೇ ಪ್ರಯೋಗವನ್ನಾಗಿ ಮಾಡಿಕೊಂಡರು. 1952ರಲ್ಲಿ ಹಿಮಾಲಯದ ಚೋ ಓಯು ಶಿಖರಕ್ಕೆ ಹೋದ ಬ್ರಿಟಿಷ್ ತಂಡದೊಡನೆ ಗ್ರಿಫಿತ್ ಪ್ಯೂ ಎಂಬ ಶರೀರವಿಜ್ಞಾನಿಯೂ ಹೋದನು. ಉಸಿರಾಟ, ಆಹಾರ, ನೀರು, ಉಡುಪು ಇವುಗಳನ್ನು ಎತ್ತರದ ಪ್ರದೇಶದಲ್ಲಿಯೇ ಅಳೆದು ನೋಡಿದನು. ಮರುವರ್ಷ ಮೇ 29ರಂದು ತೇನ್‌ಸಿಂಗ್ ಮತ್ತು ಹಿಲರಿ ಎವರೆಸ್ಟಿನ ನೆತ್ತಿಯ ಮೇಲೆ ನಿಂತಾಗ, ಅವರ ಧೈರ್ಯದ ಜೊತೆಗೆ ಈ ಎಚ್ಚರದ ಪರೀಕ್ಷೆಗಳೂ ಫಲಿಸಿದ್ದವು.

ಹಳೆಯ ಉಡುಪುಗಳನ್ನು ಮತ್ತೆ ಪರೀಕ್ಷಿಸಿದ ಪ್ರಸಂಗವೂ ಉಂಟು. 1924ರಲ್ಲಿ ಎವರೆಸ್ಟನ್ನು ಏರಲು ಹೋಗಿ ಕಣ್ಮರೆಯಾದ ಜಾರ್ಜ್ ಮ್ಯಾಲರಿಯ ದೇಹ 75 ವರ್ಷಗಳ ತರುವಾಯ, 1999ರಲ್ಲಿ, ದೊರೆಯಿತು. ಅವನ ಮೈಮೇಲಿದ್ದ ರೇಷ್ಮೆ, ಹತ್ತಿ, ಉಣ್ಣೆ, ಗ್ಯಾಬರ್ಡೀನ್ ಬಟ್ಟೆಗಳ ಚೂರುಗಳನ್ನು ಅಭ್ಯಸಿಸಿ, ಅವುಗಳಂತೆಯೇ ಹೊಸ ಉಡುಪನ್ನು ಹೊಲಿಸಲಾಯಿತು. 2006ರಲ್ಲಿ ಪರ್ವತಾರೋಹಿ ಗ್ರಹಾಂ ಹಾಯ್ಲೆಂಡ್ ಅದನ್ನು ತೊಟ್ಟು ಎವರೆಸ್ಟಿನ ಮಗ್ಗುಲಿನ ಹಿಮನದಿಯ ಮೇಲೆ ನಡೆದು ನೋಡಿದರು. ತೆಳುವಾದ ಹಲವು ಪದರಗಳ ಆ ಉಡುಪು ಹಗುರವಾಗಿಯೂ ಬೆಚ್ಚಗೂ ಇತ್ತು. ಆದರೆ ಶಿಖರದ ಬಳಿ ರಾತ್ರಿಯನ್ನು ಬಯಲಿನಲ್ಲಿ ಕಳೆಯಬೇಕಾಗಿ ಬಂದರೆ ಅದು ಸಾಲದು ಎಂಬುದೂ ಅವರಿಗೆ ಮನವರಿಕೆಯಾಯಿತು. ನಡೆಯುವವನನ್ನು ಕಾಯುವ ಬಟ್ಟೆ ನಿಂತವನನ್ನು ಕಾಯದು.

ಒಗಟಿಗೆ ಹೊಸ ಉತ್ತರ ದೊರೆತುದು 1969ರಲ್ಲಿ. ಅಮೆರಿಕದ ರಾಬರ್ಟ್ ಗೋರ್ ಎಂಬಾತ, ಅಂಟದ ಬಾಣಲೆಗಳಿಗೆ ಲೇಪಿಸುವ ಟೆಫ್ಲಾನ್ ಜಾತಿಯ ಪ್ಲಾಸ್ಟಿಕ್ಕನ್ನು ಕಾಯಿಸಿ ಮೆಲ್ಲಗೆ ಎಳೆಯಲು ಯತ್ನಿಸುತ್ತಿದ್ದನು. ಪ್ರತಿಸಲವೂ ಅದು ತುಂಡಾಗುತ್ತಿತ್ತು. ಬೇಸತ್ತು ಒಮ್ಮೆ ರಭಸದಿಂದ ಎಳೆದಾಗ ಅದು ತುಂಡಾಗದೆ ಹಲವು ಪಟ್ಟು ಹಿಗ್ಗಿತು. ಹಾಗೆ ಹಿಗ್ಗಿದ ಪೊರೆಯಲ್ಲಿ ಲೆಕ್ಕವಿಲ್ಲದಷ್ಟು ಸೂಕ್ಷ್ಮ ರಂಧ್ರಗಳಿದ್ದವು. ಮಳೆಯ ಹನಿಗೆ ಆ ರಂಧ್ರಗಳು ತೀರ ಕಿರಿದು; ಆವಿಯ ಕಣಕ್ಕೆ ಸಾಕಷ್ಟು ಹಿರಿದು. ಹನಿ ಹೊರಗೇ ನಿಂತಿತು, ಬೆವರಿನ ಆವಿ ಹೊರಟುಹೋಯಿತು. ಈ ಪೊರೆಯನ್ನು ಬಟ್ಟೆಗೆ ಅಂಟಿಸಿ ಮಾಡಿದ ಜಾಕೆಟ್ಟುಗಳು 1970ರ ದಶಕದಲ್ಲಿ ಮಾರುಕಟ್ಟೆಗೆ ಬಂದವು.

ಇಂದು ಇಂತಹ ಬಟ್ಟೆಗೆ ಹಲವು ಪರೀಕ್ಷೆಗಳುಂಟು. ಬಟ್ಟೆಯನ್ನು ಓರೆಯಾಗಿ ಬಿಗಿದು ಅದರ ಮೇಲೆ 250 ಮಿಲಿಲೀಟರ್ ನೀರನ್ನು ಜಾಲರಿಯ ಮೂಲಕ ಸುರಿಯುತ್ತಾರೆ. ಹನಿಗಳು ಉರುಳಿಹೋದರೆ ಪೂರ್ಣ ಅಂಕ, ಬಟ್ಟೆ ತೊಯ್ದರೆ ಅಂಕ ಕಡಿಮೆ. ಎರಡನೆಯದರಲ್ಲಿ ಬಟ್ಟೆಯ ಒಂದು ಮಗ್ಗುಲಿಗೆ ನೀರಿನ ಒತ್ತಡವನ್ನು ಏರಿಸುತ್ತ ಹೋಗಿ, ಮತ್ತೊಂದು ಮಗ್ಗುಲಿನಲ್ಲಿ ಹನಿ ಮೂಡಿದಾಗ ನಿಲ್ಲಿಸುತ್ತಾರೆ. ಜಾಕೆಟ್ಟಿನ ಚೀಟಿಯಲ್ಲಿ 10,000 ಮಿಲಿಮೀಟರ್ ಎಂದಿದ್ದರೆ, ಹತ್ತು ಮೀಟರ್ ಎತ್ತರದ ನೀರಿನ ಕಂಬದ ಒತ್ತಡವನ್ನು ಆ ಬಟ್ಟೆ ತಡೆಯಿತೆಂದು ಅರ್ಥ. ಮಳೆಯ ಹನಿಗೆ ಅಷ್ಟು ಬಲವಿಲ್ಲವಲ್ಲ ಎನ್ನಬಹುದು. ಒದ್ದೆ ಬಂಡೆಯ ಮೇಲೆ ಕುಳಿತಾಗ, ಬೆನ್ನಚೀಲದ ಪಟ್ಟಿ ಹೆಗಲನ್ನು ಒತ್ತಿದಾಗ, ನೀರು ಅಂತಹ ಬಲದಿಂದಲೇ ಒಳನುಗ್ಗುತ್ತದೆ. ಮೂರನೆಯ ಪರೀಕ್ಷೆಯಲ್ಲಿ ಒಂದು ಚದರ ಮೀಟರ್ ಬಟ್ಟೆಯ ಮೂಲಕ ಒಂದು ದಿನದಲ್ಲಿ ಎಷ್ಟು ಗ್ರಾಂ ಆವಿ ಹೊರಹೋಗುವುದೆಂದು ತೂಗಿ ನೋಡುತ್ತಾರೆ. ಇದಲ್ಲದೆ ಕೃತಕ ಮಳೆಯಲ್ಲಿ ಬೊಂಬೆಗೆ ಜಾಕೆಟ್ಟು ತೊಡಿಸಿ ನಿಲ್ಲಿಸುವುದೂ ಉಂಟು.

ಇಷ್ಟೆಲ್ಲ ಪರೀಕ್ಷೆಗಳಲ್ಲಿ ತೇರ್ಗಡೆಯಾದ ಜಾಕೆಟ್ಟು ಎಲ್ಲ ಕಡೆಯೂ ಗೆಲ್ಲುವುದೇ? ಇಲ್ಲ. ಆವಿ ಹೊರಹೋಗಬೇಕಾದರೆ ಹೊರಗಿನ ಗಾಳಿ ಒಳಗಿನದಕ್ಕಿಂತ ಒಣಗಿರಬೇಕು. ಹಿಮಾಲಯದ ತಂಪಾದ ಒಣಹವೆಯಲ್ಲಿ ಚೆನ್ನಾಗಿ ಉಸಿರಾಡುವ ಜಾಕೆಟ್ಟು, ವರ್ಷಕ್ಕೆ ಸುಮಾರು 7,000 ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುವ ಆಗುಂಬೆಯ ಕಾಡಿನಲ್ಲಿ ಸೋಲಬಹುದು. ಅಲ್ಲಿಯ ಗಾಳಿಯೇ ತೇವದಿಂದ ತುಂಬಿರುತ್ತದೆ, ಸೆಖೆಯೂ ಇರುತ್ತದೆ. ಬೆವರು ಹೋಗುವುದಾದರೂ ಎಲ್ಲಿಗೆ? ಅಂತಹ ಕಡೆ ಕಂಕುಳಲ್ಲಿ ಗಾಳಿಗಂಡಿಯಿರುವ ಸಡಿಲ ಉಡುಪು ಮೇಲು. ಮುಂಭಾಗ ತೆರೆದ ಗೊರಬು ಕಂಡುಕೊಂಡಿದ್ದ ಸತ್ಯವೂ ಇದೇ. ಆದುದರಿಂದ ಯಾವ ಹವೆಗೆ ಬಟ್ಟೆ ಬೇಕೋ ಆ ಹವೆಯಲ್ಲಿಯೇ, ದುಡಿಯುವ ಮೈಯ ಮೇಲೆ, ಅದನ್ನು ಪರೀಕ್ಷಿಸಬೇಕು. ಪ್ರಯೋಗಶಾಲೆ ಬಟ್ಟೆಯನ್ನು ಅಳೆಯಬಲ್ಲದು. ಪ್ರಯಾಣ ಉಡುಪನ್ನು ಅಳೆಯುತ್ತದೆ.

ಕೆಲವು ದೋಷಗಳು ಪ್ರಯಾಣಿಕನ ಕಣ್ಣಿಗೂ ಬೀಳುವುದಿಲ್ಲ. ಹನಿ ಜಾರುವಂತೆ ಮಾಡಲು ಬಟ್ಟೆಯ ಮೇಲ್ಮೈಗೆ ಹಾಕುತ್ತಿದ್ದ ಫ್ಲೋರೀನ್‌ಯುಕ್ತ ರಾಸಾಯನಿಕಗಳು ಮಣ್ಣಿನಲ್ಲಿಯೂ ನೀರಿನಲ್ಲಿಯೂ ಬಹುಕಾಲ ಕೊಳೆಯದೆ ಉಳಿಯುತ್ತವೆ. ಜನವಸತಿಯಿಂದ ದೂರದ ಬೆಟ್ಟಗಳ ಹಿಮದಲ್ಲಿಯೂ ಅವುಗಳ ಅಂಶ ಕಂಡುಬಂದಿದೆ. ಬೆಟ್ಟವನ್ನು ನೋಡಲು ಹೋದವನ ಅಂಗಿ ಬೆಟ್ಟವನ್ನೇ ಕೆಡಿಸಬಾರದಷ್ಟೆ. ಈ ಅರಿವಿನಿಂದ ಹಲವು ತಯಾರಕರು ಅವುಗಳನ್ನು ಕೈಬಿಟ್ಟು ಬೇರೆ ಲೇಪಗಳನ್ನು ಬಳಸುತ್ತಿದ್ದಾರೆ.

ಇನ್ನೊಂದು ದೋಷದ ಜಾಗ ಹೊಲಿಗೆ. ಬಟ್ಟೆ ಎಷ್ಟೇ ಗಟ್ಟಿಯಾಗಿದ್ದರೂ ಸೂಜಿ ಹೊಕ್ಕ ಕಡೆಯೆಲ್ಲ ಒಂದೊಂದು ತೂತು. ಆ ಸಾಲಿನ ಮೇಲೆ ತೆಳುವಾದ ಪಟ್ಟಿಯನ್ನಿಟ್ಟು ಬಿಸಿಯಲ್ಲಿ ಒತ್ತಿ ಅಂಟಿಸಬೇಕು. ಪಟ್ಟಿ ಒಂದು ಕೂದಲೆಳೆಯಷ್ಟು ಓರೆಯಾದರೂ ನೀರು ಅಲ್ಲಿಯೇ ದಾರಿಯನ್ನು ಹುಡುಕಿಕೊಳ್ಳುತ್ತದೆ. ಬೆಂಗಳೂರಿನ ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ಮಳೆ, ಚಳಿಗಳನ್ನು ತಡೆಯುವ ಜಾಕೆಟ್ಟುಗಳೂ ತಯಾರಾಗಿ ಹೊರದೇಶಗಳಿಗೆ ಹೋಗುತ್ತವೆ. ಅವುಗಳನ್ನು ಹೊಲಿಯುವವರಲ್ಲಿ ಬಹುಮಂದಿ ಹೆಣ್ಣುಮಕ್ಕಳು. ಅವರು ಹಿಮಶಿಖರವನ್ನು ಕಂಡವರಲ್ಲ. ತಾವು ಹೊಲಿದ ಅಂಗಿ ಯಾರ ಮೈಯನ್ನು ಸೇರುವುದೆಂದು ತಿಳಿದವರೂ ಅಲ್ಲ. ಆದರೂ ಬಿರುಗಾಳಿಯಲ್ಲಿ ಸಿಕ್ಕಿಕೊಂಡ ಯಾರೋ ಒಬ್ಬನ ಜೀವ ಅವರ ಹೊಲಿಗೆಯ ಸಾಲನ್ನು ನಂಬಿಕೊಂಡಿರುತ್ತದೆ. ಸಾಹಸಿಯ ಹೆಸರು ಪುಸ್ತಕವನ್ನು ಸೇರುತ್ತದೆ. ಅವನನ್ನು ಕಾಯ್ದ ಕೈಯ ಹೆಸರು ಎಲ್ಲಿಯೂ ಇರುವುದಿಲ್ಲ.

ಸಂಜೆ ಕಾರ್ಖಾನೆಗಳ ಕೆಲಸ ಮುಗಿದು ಮಾಕಳಿಯ ನಿಲ್ದಾಣದಲ್ಲಿ ಬಸ್ಸುಗಳು ನಿಲ್ಲುವಾಗ ಮತ್ತೆ ಮಳೆ ಬರಬಹುದು. ಇಳಿದುಬರುವವರ ಕೈಯಲ್ಲಿ ಅದೇ ಕೊಡೆ, ತಲೆಯ ಮೇಲೆ ಅದೇ ಮಡಿಸಿದ ಪ್ಲಾಸ್ಟಿಕ್ ಹಾಳೆ. ಅತ್ಯುತ್ತಮವಾದ ಮಳೆಯಂಗಿ ಅದನ್ನು ಹೊಲಿದವರ ಹೆಗಲಿಗೂ ಎಟಕುವ ದಿನ ಬರಬೇಕು. ಅಂಗಿಗೆ ಉಳಿದಿರುವ ಪರೀಕ್ಷೆ ಅದೊಂದೇ.