ಸಾಕು ಗೌಜಲ ಹಕ್ಕಿಯ ವರ್ತನೆ ಮತ್ತು ದೇಹಭಂಗಿ

ಭಾರತಕ್ಕೆ 1974ರಲ್ಲಿ ತರಲಾದ ಜಪಾನಿ ಗೌಜಲ ಹಕ್ಕಿಯು ಅಂಜುಬುರುಕ ಸ್ವಭಾವದ್ದು. ರಾಯಚೂರು ನಗರ, ದೇವದುರ್ಗ ಹಾಗೂ ಮಾನ್ವಿ ಭಾಗಗಳಲ್ಲಿ ಬೇಸಿಗೆಯ ಉಷ್ಣಾಂಶವು 40 ಡಿಗ್ರಿ ಸೆಲ್ಸಿಯಸ್ ದಾಟುವುದರಿಂದ, ಸಾಕಣೆದಾರರು ಮೊದಲು ಗುರುತಿಸಬೇಕಾದುದು ಬಿಸಿಲಿನ ಬಾಧೆಯನ್ನು. ಕೊಕ್ಕು ತೆರೆದು ಏದುಸಿರು ಬಿಡುತ್ತಾ, ರೆಕ್ಕೆಗಳನ್ನು ಮೈಯಿಂದ ದೂರ ಹಿಡಿದು ನಿಂತ ಹಕ್ಕಿಯನ್ನು ಕೂಡಲೇ ಗಾಳಿಯಾಡುವ ನೆರಳಿಗೆ ವರ್ಗಾಯಿಸಿ, ತಣ್ಣೀರನ್ನು ಒದಗಿಸತಕ್ಕದ್ದು. ಸಂಜೆಯವರೆಗೆ ಕಾಯುವುದು ಸಲ್ಲದು. ತಗಡಿನ ಛಾವಣಿಯಿದ್ದಲ್ಲಿ ಅದರ ಮೇಲೆ ಸೊಪ್ಪೆ ಹೊದಿಸುವುದು ಸೂಕ್ತ.

ನೆಲಕ್ಕಂಟಿ ಕದಲದೆ ಕುಳಿತ ಹಕ್ಕಿಯನ್ನು ಸಾಧುವೆಂದು ಭಾವಿಸಬಾರದು, ಅದು ಬೆದರಿರುತ್ತದೆ. ಹಠಾತ್ತನೆ ನೇರವಾಗಿ ಮೇಲಕ್ಕೆ ಚಿಮ್ಮಿ ತಲೆಗೆ ಪೆಟ್ಟು ಮಾಡಿಕೊಳ್ಳುವುದುಂಟು. ಆದ್ದರಿಂದ ಪಂಜರದ ಮೇಲ್ಭಾಗಕ್ಕೆ ಮೆತ್ತನೆಯ ಬಲೆ ಉತ್ತಮ.

ಮಣ್ಣಿನಲ್ಲಿ ಹೊರಳಾಡುವುದು ಸಹಜವಾದ ಧೂಳುಸ್ನಾನ. ಗಂಡಿನ ಗುದದ್ವಾರದಲ್ಲಿ ಕಾಣುವ ಬಿಳಿ ನೊರೆಯು ಪ್ರಾಯಕ್ಕೆ ಬಂದ ಲಕ್ಷಣವಾಗಿದ್ದು, ಭೇದಿಯೆಂದು ಔಷಧಿ ನೀಡುವ ಅಗತ್ಯವಿಲ್ಲ. ಹೆಣ್ಣುಗಳ ತಲೆಯ ಗರಿ ಉದುರಿ ಗಾಯವಾಗಿದ್ದಲ್ಲಿ ಗಂಡುಗಳು ಹೆಚ್ಚಾಗಿರುವ ಸಂಭವವಿದೆ; ಒಂದು ಗಂಡಿಗೆ ಎರಡು-ಮೂರು ಹೆಣ್ಣುಗಳಂತೆ ವಿಂಗಡಿಸಬೇಕು. ಗರಿಗಳನ್ನು ಉಬ್ಬಿಸಿಕೊಂಡು ಮೂಲೆಯಲ್ಲಿ ತೂಕಡಿಸುವ, ಆಹಾರ ಬಿಟ್ಟ ಹಕ್ಕಿಯನ್ನು ಪ್ರತ್ಯೇಕಿಸಿ ಸಮೀಪದ ಪಶು ಆಸ್ಪತ್ರೆಯಲ್ಲಿ ತೋರಿಸುವುದು.

ಹೊಲಗಳಲ್ಲಿನ ಕಾಡು ಗೌಜಲಗಳನ್ನು ಹಿಡಿದು ಸಾಕುವುದು ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರನ್ವಯ ಅಪರಾಧವಾಗಿರುತ್ತದೆ.