ಕಾರ್ಖಾನೆಯಲ್ಲಿ ಸಿದ್ಧವಾದ ಪ್ರೌಢ ಪ್ರಬಂಧ

ಉದ್ಯೋಗಕ್ಕೆ ಸೇರಿ, ಮದುವೆಯಾಗಿ, ಮಕ್ಕಳೂ ಆದ ಮೇಲೆ ಮನುಷ್ಯನಿಗೆ ಇನ್ನೊಂದು ಪದವಿಯ ಹಂಬಲವೇತಕ್ಕೆ? ಹೀಗೆಂದು ಕೇಳುವ ಹಿರಿಯರು ನಮ್ಮ ಪ್ರತಿಯೊಂದು ಮನೆಯಲ್ಲಿಯೂ ಉಂಟು. ಅವರ ಪ್ರಶ್ನೆಯು ತಳ್ಳಿಹಾಕತಕ್ಕದ್ದಲ್ಲ. ಹಗಲೆಲ್ಲ ದಣಿಯ ಕೆಲಸ, ರಾತ್ರಿ ಪ್ರಬಂಧದ ಹಾಳೆಗಳು, ನಡುವೆ ಗೃಹಕೃತ್ಯ. ಈ ಮೂರರಲ್ಲಿ ಒಂದಾದರೂ ಕೆಡದೆ ಉಳಿಯುವುದು ದುರ್ಲಭ. ಆದರೆ ದಣಿಯ ಕೆಲಸವೇ ಪ್ರಬಂಧವಾದರೆ? ಅಂತಹದೊಂದು ವೃತ್ತಾಂತವನ್ನು ವಾಚಕರ ಮುಂದಿಡಬೇಕೆಂದು ಈ ಲೇಖನವನ್ನು ಕೈಗೊಂಡಿದ್ದೇನೆ. ಇದು ಜಪಾನಿನ ಸಂಗತಿ; ಆದರೂ ಇದರ ಫಲವು ನಮ್ಮ ಮನೆಗಳಲ್ಲಿ ಪ್ರತಿರಾತ್ರಿಯೂ ಬೆಳಗುತ್ತಿದೆ.

ಆ ದೇಶದಲ್ಲಿ ಡಾಕ್ಟರ್ ಪದವಿಗೆ ಎರಡು ದಾರಿಗಳುಂಟು. ವಿಶ್ವವಿದ್ಯಾನಿಲಯದಲ್ಲಿ ವರ್ಷಗಟ್ಟಲೆ ವಿದ್ಯಾರ್ಥಿಯಾಗಿದ್ದು ಪಡೆಯುವುದು ಒಂದು. ಇನ್ನೊಂದಕ್ಕೆ 'ರೊಂಬುನ್ ಹಕಾಸೆ', ಎಂದರೆ 'ಪ್ರಬಂಧದಿಂದಾದ ಡಾಕ್ಟರು' ಎಂದು ಹೆಸರು. ಉದ್ಯೋಗಸ್ಥನು ತಾನಿರುವಲ್ಲಿಯೇ ಸಂಶೋಧನೆ ನಡೆಸಿ, ಅದನ್ನು ಶಾಸ್ತ್ರೀಯ ಪತ್ರಿಕೆಗಳಲ್ಲಿ ಪ್ರಕಟಿಸಿ, ಪ್ರಬಂಧವನ್ನು ಒಪ್ಪಿಸಿದರೆ, ಅವನು ತರಗತಿಯಲ್ಲಿ ಕುಳಿತಿರದಿದ್ದರೂ ವಿದ್ವಾಂಸರು ಪರೀಕ್ಷಿಸಿ ಪದವಿಯನ್ನು ಕೊಡುವರು. (ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಉದ್ಯೋಗಸ್ಥರಿಗೆ ಬಾಹ್ಯ ನೋಂದಣಿಯ ಏರ್ಪಾಡುಂಟು; ಅದರ ನಿಯಮಗಳು ಬೇರೆ.)

ಷೂಜಿ ನಾಕಾಮುರ ಎಂಬವರು ಶಿಕೊಕು ದ್ವೀಪದಲ್ಲಿ ೧೯೫೪ರಲ್ಲಿ ಹುಟ್ಟಿದರು. ೧೯೭೯ರಲ್ಲಿ ತೊಕುಷಿಮ ವಿಶ್ವವಿದ್ಯಾನಿಲಯದಿಂದ ಮಾಸ್ಟರ್ ಪದವಿಯನ್ನು ಪಡೆಯುವಷ್ಟರಲ್ಲಿ ಅವರಿಗೆ ಮದುವೆಯಾಗಿ, ಒಬ್ಬ ಮಗಳೂ ಇದ್ದಳು. ಮಗುವನ್ನು ಸಾಕುವುದಕ್ಕೆ ಪರಿಚಿತವಾದ ಸೀಮೆಯೇ ಲೇಸೆಂದು ದೊಡ್ಡ ಪಟ್ಟಣದ ಆಸೆಯನ್ನು ತೊರೆದು, ಸಮೀಪದ ಅನಾನ್ ಎಂಬ ಊರಿನ ನಿಚಿಯಾ ರಾಸಾಯನಿಕ ಕಾರ್ಖಾನೆಯನ್ನು ಸೇರಿದರು. ಮುಂದಿನ ಹತ್ತು ವರ್ಷ ಅವರು ಪಟ್ಟ ಪಾಡು ಅಷ್ಟಿಷ್ಟಲ್ಲ. ಹಣದ ಅಭಾವದಿಂದ, ಬಳಸಿದ ಸ್ಫಟಿಕದ ಕೊಳವೆಗಳನ್ನೇ ಬೆಸೆದು ಮರಳಿ ಬಳಸಬೇಕಾಗಿತ್ತು. ತಿಂಗಳಿಗೆ ಹಲವು ಸಲ ಅವು ಸಿಡಿದು, ಉರಿಯುವ ರಂಜಕವು ಕೋಣೆಯೆಲ್ಲ ಚೆಲ್ಲುತ್ತಿತ್ತು. ಹೀಗೆ ಸಿದ್ಧಮಾಡಿದ ಸರಕುಗಳನ್ನಾದರೋ ದೊಡ್ಡ ಕಂಪೆನಿಗಳು ಆಗಲೇ ಮಾರುತ್ತಿದ್ದುದರಿಂದ ಕೊಳ್ಳುವವರು ವಿರಳ.

೧೯೮೮ರಲ್ಲಿ ಕಾರ್ಖಾನೆಯವರು ಅವರನ್ನು ಒಂದು ವರ್ಷದ ಮಟ್ಟಿಗೆ ಅಮೆರಿಕದ ಫ್ಲಾರಿಡ ವಿಶ್ವವಿದ್ಯಾನಿಲಯಕ್ಕೆ ಕಳುಹಿಸಿದರು. ಅನಿಲಗಳಿಂದ ಹರಳಿನ ಪದರವನ್ನು ಬೆಳೆಸುವ ವಿದ್ಯೆಯನ್ನು ಕಲಿತುಬರುವುದು ಉದ್ದೇಶ. ಅಲ್ಲಿ ವರ್ಷದ ಬಹುಭಾಗವು ಯಂತ್ರವನ್ನು ಜೋಡಿಸುವುದರಲ್ಲಿಯೇ ಕಳೆಯಿತು. ಅದಕ್ಕಿಂತ ಹೆಚ್ಚಾಗಿ ಮನಸ್ಸನ್ನು ಚುಚ್ಚಿದ್ದು ಬೇರೊಂದು. ಅವರಿಗೆ ಡಾಕ್ಟರ್ ಪದವಿಯಿರಲಿಲ್ಲ. ಪ್ರಕಟವಾದ ಲೇಖನಗಳೂ ಇರಲಿಲ್ಲ. ತಮಗಿಂತ ಕಿರಿಯರಾದವರೂ ತಮ್ಮನ್ನು ಸಮಾನ ವಿದ್ವಾಂಸನೆಂದು ಎಣಿಸದೆ ಯಂತ್ರದ ಆಳಿನಂತೆ ಕಂಡರೆಂದು ಅವರೇ ಮುಂದೆ ಹೇಳಿಕೊಂಡಿದ್ದಾರೆ. ಹೇಗಾದರೂ ಪದವಿಯನ್ನು ಪಡೆಯಲೇಬೇಕೆಂಬ ಹಟವು ಹುಟ್ಟಿದ್ದು ಅಲ್ಲಿ. ಅವಮಾನವು ಎಲ್ಲರಲ್ಲಿಯೂ ಹೀಗೆ ಫಲಿಸುವುದಿಲ್ಲ. ಬಹುಮಂದಿಯನ್ನು ಅದು ಮುರಿದುಹಾಕುತ್ತದೆ.

ಆ ಕಾಲದಲ್ಲಿ ಕೆಂಪು, ಹಸುರು ಬೆಳಕನ್ನು ಬೀರುವ ಎಲ್.ಇ.ಡಿ. ದೀಪಗಳಿದ್ದವು, ಪ್ರಕಾಶಮಾನವಾದ ನೀಲಿಯ ದೀಪವಿರಲಿಲ್ಲ. ನೀಲಿಯಿಲ್ಲದೆ ಬಿಳಿಯ ಬೆಳಕಿಲ್ಲ. ಅದಕ್ಕಾಗಿ ಶೋಧಕರಲ್ಲಿ ಬಹುಮಂದಿ ಜಿಂಕ್ ಸೆಲೆನೈಡನ್ನು ನೆಚ್ಚಿದ್ದರು. ನಾಕಾಮುರರು ೧೯೮೯ರಲ್ಲಿ ಮರಳಿಬಂದು ಗ್ಯಾಲಿಯಂ ನೈಟ್ರೈಡನ್ನು ಆರಿಸಿಕೊಂಡರು. ದೂರದೃಷ್ಟಿಯಿಂದಲೋ? ಅಲ್ಲ. ಆ ವಸ್ತುವಿನ ಮೇಲೆ ಲೇಖನಗಳು ಕಡಿಮೆಯಾಗಿದ್ದುದರಿಂದ ತಾನು ಬರೆದದ್ದು ಸುಲಭವಾಗಿ ಪ್ರಕಟವಾಗಬಹುದು. ಐದು ಲೇಖನಗಳಾದರೆ ಪದವಿ ದೊರೆಯುವುದು. ಇದೇ ಅವರ ಲೆಕ್ಕಾಚಾರ. ದೀಪವು ಹೊತ್ತಿಕೊಳ್ಳುವುದೆಂಬ ಭರವಸೆಯು ಅವರಿಗೇ ಇರಲಿಲ್ಲವಂತೆ! ೧೯೯೨ರ ಒಂದು ವಿದ್ವತ್ಸಭೆಯಲ್ಲಿ ಜಿಂಕ್ ಸೆಲೆನೈಡಿನ ಗೋಷ್ಠಿಗೆ ಸುಮಾರು ೫೦೦ ಮಂದಿ ನೆರೆದಿದ್ದರೆ, ಇವರ ವಸ್ತುವಿನ ಗೋಷ್ಠಿಗೆ ಹತ್ತು ಮಂದಿಯೂ ಇರಲಿಲ್ಲವೆಂದು ಅವರು ನೆನೆದಿದ್ದಾರೆ.

ಅಡಿಗೆಯ ಮನೆಯಲ್ಲಿ ಕಾದ ಹೆಂಚಿನ ಮೇಲಿಂದ ಬಿಸಿಗಾಳಿ ಏಳುವುದನ್ನು ನೀವು ಕಂಡಿರುವಿರಷ್ಟೆ. ಇವರ ಯಂತ್ರದಲ್ಲಿಯೂ ಅದೇ ತೊಡಕು. ಸುಮಾರು ೧೦೦೦ ಡಿಗ್ರಿ ಶಾಖದ ನೀಲಮಣಿಯ ಬಿಲ್ಲೆಯ ಮೇಲೆ ಅನಿಲಗಳು ಕೂಡಿ ಹರಳಾಗಬೇಕು. ಬಿಲ್ಲೆಯ ಬಿಸಿಯಾದರೋ ಅವುಗಳನ್ನು ಮೇಲಕ್ಕೆ ಎತ್ತಿಬಿಡುತ್ತಿತ್ತು. ಬೆಳಿಗ್ಗೆ ಯಂತ್ರದ ಕೊಳವೆಗಳನ್ನು ಕೊಯ್ದು, ಬಗ್ಗಿಸಿ, ಬೆಸೆಯುವುದು. ಮಧ್ಯಾಹ್ನ ಹರಳನ್ನು ಬೆಳೆಸಿ ನೋಡುವುದು. ಮರುದಿನ ಮತ್ತೆ ಕೊಯ್ಯುವುದು. ಹೀಗೆ ಒಂದು ವರ್ಷಕ್ಕೂ ಮೇಲ್ಪಟ್ಟು ನಡೆಯಿತು. ಕಡೆಗೆ ೧೯೯೦ರಲ್ಲಿ, ಪಕ್ಕದಿಂದ ಬರುವ ಅನಿಲಗಳನ್ನು ಮೇಲಿನಿಂದ ಮತ್ತೊಂದು ಅನಿಲಧಾರೆಯು ಕೆಳಕ್ಕೆ ಅದುಮುವಂತೆ ಮಾಡಿದರು. ಹರಳು ಸೊಗಸಾಗಿ ಬೆಳೆಯಿತು. ಹತ್ತು ವರ್ಷ ಸಿಡಿಯುವ ಕೊಳವೆಗಳನ್ನು ಬೆಸೆದ ಕೈಯಲ್ಲವೆ! ಆ ಯಂತ್ರದ ವಿವರವು ೧೯೯೧ರಲ್ಲಿ ಅಮೆರಿಕದ ಪತ್ರಿಕೆಯೊಂದರಲ್ಲಿ ಅಚ್ಚಾಯಿತು.

ಇಲ್ಲಿ ಒಂದು ಮಾತನ್ನು ಮುಚ್ಚಿಡಲಾಗದು. ಗುಟ್ಟು ಹೊರಬೀಳಬಾರದೆಂದು ಕಾರ್ಖಾನೆಯಲ್ಲಿ ಲೇಖನಗಳ ಪ್ರಕಟಣೆಗೆ ನಿಷೇಧವಿದ್ದಿತು. ತಾನು ಮರೆಯಾಗಿಯೇ ಪ್ರಕಟಿಸಿದೆನೆಂದು ಅವರು ಒಪ್ಪಿಕೊಂಡಿದ್ದಾರೆ. ಅನ್ನವನ್ನಿಟ್ಟ ದಣಿಯ ನಿಯಮವನ್ನು ಮೀರಿದ್ದು ನನಗೆ ಪೂರ್ತಿಯಾಗಿ ಒಪ್ಪಿಗೆಯಲ್ಲ. ಆದರೆ ಹಾಗೆ ಮೀರದಿದ್ದರೆ ಪದವಿಯ ದಾರಿಯೇ ಮುಚ್ಚುತ್ತಿತ್ತೆಂಬುದೂ ನಿಜ.

ನಗೋಯದಲ್ಲಿ ಅಕಾಸಾಕಿ, ಅಮಾನೊ ಎಂಬ ಗುರುಶಿಷ್ಯರು ಇದೇ ವಸ್ತುವಿನಲ್ಲಿ ಮೊದಲೇ ದಾರಿಯನ್ನು ಕಡಿದಿದ್ದರು. ಆ ಋಣವನ್ನೂ ಹೇಳಬೇಕು. ೧೯೯೩ರ ನವೆಂಬರಿನಲ್ಲಿ, ಹಿಂದಿನವುಗಳಿಗಿಂತ ಸುಮಾರು ನೂರು ಪಾಲು ಪ್ರಕಾಶವುಳ್ಳ ನೀಲಿಯ ದೀಪವನ್ನು ಕಾರ್ಖಾನೆಯು ಲೋಕಕ್ಕೆ ಸಾರಿತು. ಅದರ ನೀಲಿಯ ಬೆಳಕಿಗೆ ಹಳದಿಯ ಲೇಪವನ್ನು ಕೂಡಿಸಿದ್ದೇ ಇಂದಿನ ಬಿಳಿಯ ದೀಪ. ಮುಂದೆ ೧೯೯೯ರಲ್ಲಿ ನಾಕಾಮುರರು ಕಾರ್ಖಾನೆಯನ್ನು ಬಿಟ್ಟದ್ದು, ಪ್ರತಿಫಲಕ್ಕಾಗಿ ಹೂಡಿದ ವ್ಯಾಜ್ಯವು ೨೦೦೫ರಲ್ಲಿ ಸುಮಾರು ೮೪ ಕೋಟಿ ಯೆನ್‌ಗಳ ರಾಜಿಯಾದದ್ದು, ೨೦೧೪ರಲ್ಲಿ ಆ ಮೂವರಿಗೂ ನೊಬೆಲ್ ಪಾರಿತೋಷಕ ಬಂದದ್ದು, ಇವೆಲ್ಲ ಪ್ರಸಿದ್ಧವಾದ ಸಂಗತಿಗಳು.

ಪದವಿಯ ಮಾತೇನಾಯಿತೆಂದು ವಾಚಕರು ಕೇಳಬಹುದು. ದೀಪವು ಬೆಳಗಿದ ಮರುವರ್ಷ, ೧೯೯೪ರಲ್ಲಿ, ನಲವತ್ತರ ಅಂಚಿನಲ್ಲಿದ್ದ ಅವರಿಗೆ ಡಾಕ್ಟರ್ ಪದವಿಯು ದೊರೆಯಿತು. ಅದನ್ನು ಕೊಟ್ಟದ್ದು ತೊಕುಷಿಮ ವಿಶ್ವವಿದ್ಯಾನಿಲಯ; ಹದಿನೈದು ವರ್ಷಗಳ ಹಿಂದೆ ಹೆಂಡತಿ ಮಗುವಿನೊಡನೆ ಅವರು ಬಿಟ್ಟುಬಂದ ಅದೇ ವಿದ್ಯಾಲಯ.