ಮೊದಲು ಪೆನ್‌ಡ್ರೈವ್, ಆಮೇಲೆ ದುಡ್ಡು

ದೇವದುರ್ಗದಿಂದಲೋ ಮಾನ್ವಿಯಿಂದಲೋ ರಾಯಚೂರಿಗೆ ಬಂದು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಕೊಳ್ಳುವ ವಿದ್ಯಾರ್ಥಿಗಳು ಒಂದು ವಿಷಯ ತಿಳಿದಿರಬೇಕು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಂತಿತು. ಇಂಟೆಲ್‌ನ 8ನೇ ತಲೆಮಾರಿಗಿಂತ ಹಿಂದಿನ ಬಹುತೇಕ ಪ್ರೊಸೆಸರ್‌ಗಳನ್ನು ವಿಂಡೋಸ್ 11 ಒಪ್ಪುವುದಿಲ್ಲ. ಆದರೆ ಆ ಯಂತ್ರಗಳು ಸವೆದಿಲ್ಲ. ಕಂಪನಿಗಳು ಬಳಸಿ ಬಿಟ್ಟ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೀಟ್‌ಬುಕ್‌ಗಳು 8 ಜಿಬಿ ರ‍್ಯಾಮ್, ಎಸ್‌ಎಸ್‌ಡಿ ಇದ್ದರೆ ವಿಂಡೋಸ್ ಬದಲು ಹಾಕುವ ಲಿನಕ್ಸ್ ಮಿಂಟ್‌ನಲ್ಲಿ ಚೆನ್ನಾಗಿ ಓಡುತ್ತವೆ.

ಹಾಗೆಂದು ಬ್ರ್ಯಾಂಡ್ ನೋಡಿ ಕೊಂಡರೆ ಸಾಲದು, ಒಳಗಿನ ಚಿಪ್ ನೋಡಬೇಕು. ಮಿಂಟ್‌ನ ತಿರುಳಾಗಿರುವ, 1991ರಲ್ಲಿ ಲಿನುಸ್ ಟೊರ್ವಾಲ್ಡ್ಸ್ ಶುರುಮಾಡಿದ ಲಿನಕ್ಸ್ ಕರ್ನೆಲ್, ಚಿಪ್‌ಗಳನ್ನು ನಡೆಸುವ ಬಹುತೇಕ ಡ್ರೈವರ್‌ಗಳನ್ನು ತನ್ನೊಳಗೇ ಇಟ್ಟುಕೊಂಡಿರುತ್ತದೆ. ಇಂಟೆಲ್ ವೈಫೈ ಸಾಮಾನ್ಯವಾಗಿ ತಾನಾಗಿಯೇ ಕೆಲಸ ಮಾಡುವುದು ಇದರಿಂದಲೇ. ಬ್ರಾಡ್‌ಕಾಮ್‌ನ ಕೆಲವು ಚಿಪ್‌ಗಳಿಗೆ ಮಾತ್ರ ಡ್ರೈವರ್ ಬೇರೆಯಾಗಿ ಹಾಕಬೇಕು. ಅದನ್ನು ಇಳಿಸಿಕೊಳ್ಳಲು ಇಂಟರ್‌ನೆಟ್ ಬೇಕು, ವೈಫೈಯೋ ಇನ್ನೂ ಬಂದಿರುವುದಿಲ್ಲ! ಆಗ ಮೊಬೈಲನ್ನು ಯುಎಸ್‌ಬಿ ಕೇಬಲ್‌ನಿಂದ ಜೋಡಿಸಿ ನೆಟ್ ಪಡೆಯಬಹುದು.

ಇದೆಲ್ಲ ಅಂಗಡಿಯಲ್ಲೇ ಗೊತ್ತಾಗಬೇಕು. ಲಿನಕ್ಸ್ ತುಂಬಿದ ಪೆನ್‌ಡ್ರೈವ್ ಸಿಕ್ಕಿಸಿ, ಆನ್ ಮಾಡುವಾಗ ಥಿಂಕ್‌ಪ್ಯಾಡ್, ಡೆಲ್‌ಗಳಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9 ಒತ್ತಿ. ಪೆನ್‌ಡ್ರೈವ್ ಆಯ್ದುಕೊಂಡರೆ ಲಿನಕ್ಸ್ ಅದರಿಂದಲೇ ಎದ್ದು ನಿಲ್ಲುತ್ತದೆ. ಇನ್‌ಸ್ಟಾಲ್ ಒತ್ತದಿದ್ದರೆ ಡಿಸ್ಕ್‌ನಲ್ಲಿರುವುದು ಹಾಗೇ ಇರುತ್ತದೆ. ವೈಫೈ, ಧ್ವನಿ, ಕ್ಯಾಮೆರಾ, ಟಚ್‌ಪ್ಯಾಡ್ ಒಂದೊಂದಾಗಿ ನೋಡಿ. ಲ್ಯಾಪ್‌ಟಾಪ್ ಮುಚ್ಚಿ ತೆರೆದಾಗ ನಿದ್ದೆಯಿಂದ ಏಳುತ್ತದೆಯೇ ಗಮನಿಸಿ. ಬೆರಳಚ್ಚು ಓದುವ ಸಾಧನ ಹಲವು ಮಾದರಿಗಳಲ್ಲಿ ಕೆಲಸ ಮಾಡದು, ಅದನ್ನು ನೆಚ್ಚಬೇಡಿ. ಕನ್ನಡ ಟೈಪಿಂಗ್‌ಗೆ ಕಗಪ ಕೀಲಿಮಣೆ ವಿನ್ಯಾಸ ಒಳಗೇ ಸಿಗುತ್ತದೆ.

ಕೊನೆಗೆ ಬ್ಯಾಟರಿ. ಅದೇ ಲಿನಕ್ಸ್‌ನಲ್ಲಿ ಪವರ್ ಸ್ಟ್ಯಾಟಿಸ್ಟಿಕ್ಸ್ ಎಂಬ ಆ್ಯಪ್ ತೆರೆದರೆ ಎರಡು ಅಂಕಿ ಕಾಣುತ್ತವೆ: ತಯಾರಾದಾಗಿನ ಸಾಮರ್ಥ್ಯ, ಈಗ ತುಂಬಿದಾಗಿನ ಸಾಮರ್ಥ್ಯ. ಮೊದಲನೆಯದು 48 ವ್ಯಾಟ್-ಅವರ್, ಎರಡನೆಯದು 24 ಇದ್ದರೆ ಅರ್ಧ ಬ್ಯಾಟರಿ ಹೋಗಿದೆ ಎಂದರ್ಥ. ಲಿಥಿಯಂ ಬ್ಯಾಟರಿ ಬಿಸಿಲಲ್ಲಿ ಬೇಗ ಮುಪ್ಪಾಗುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಜಿಲ್ಲೆಯಲ್ಲಿ, ಕರೆಂಟ್ ಹೋದಾಗಲೂ ಓದು ನಡೆಯಬೇಕಾದ ಮನೆಗಳಲ್ಲಿ, ಪ್ರೊಸೆಸರ್‌ಗಿಂತ ಈ ಅಂಕಿಗೇ ಹೆಚ್ಚು ಬೆಲೆ. ಹೊಸ ಬ್ಯಾಟರಿಯ ಖರ್ಚು ಸೇರಿಸಿಯೇ ಚೌಕಾಸಿ ಮಾಡಿ.

ಹೊಲದ ದುಡಿಮೆಯಿಂದ ಉಳಿಸಿದ ಹಣ ಇದು. ತಪ್ಪು ಯಂತ್ರ ತಂದರೆ ಬದಲಿಸಲು ಮತ್ತೊಂದು ದಿನದ ಕೂಲಿ, ಬಸ್ ಚಾರ್ಜು ಹೋಗುತ್ತದೆ. ಪೆನ್‌ಡ್ರೈವ್ ಹಾಕಿ ನೋಡಲು ಬಿಡದ ಅಂಗಡಿಯಲ್ಲಿ ಎಷ್ಟೇ ಅಗ್ಗವಾಗಿ ಸಿಕ್ಕರೂ ಕೊಳ್ಳಬೇಡಿ.